44ಕ್ಕೆ ಪದವಿಗೆ ಸೇರಬೇಕು ಅಂತ ಆಸೆ. ಓದುವ ಗಂಟೆಗಳನ್ನು ಎಲ್ಲಿಂದ ತರಲಿ?

ನೀಲಿ ಶಾಯಿ

ಎಲ್ಲರಿಗೂ ನಮಸ್ಕಾರ. ನನಗೆ 44. ಕಾಲೇಜಿನ ಮೊದಲ ವರ್ಷ ಮುಗಿಯುವ ಮುಂಚೆಯೇ ಅಪ್ಪ ಹಾಸಿಗೆ ಹಿಡಿದರು. ನಾನು ಕೆಲಸಕ್ಕೆ ಸೇರಿದೆ. ಆಮೇಲೆ ಓದಿನ ಕಡೆ ತಿರುಗಿ ನೋಡಲು ಆಗಲೇ ಇಲ್ಲ. ಈಗ ಒಂದು ಗೋದಾಮಿನ ಲೆಕ್ಕದ ವಿಭಾಗದಲ್ಲಿದ್ದೇನೆ, ಹದಿನೆಂಟು ವರ್ಷವಾಯಿತು.

ಹೋದ ವರ್ಷ ನಾನೇ ಕೆಲಸ ಕಲಿಸಿದ ಹುಡುಗನಿಗೆ ಬಡ್ತಿ ಸಿಕ್ಕಿತು. ಅವನು ಒಳ್ಳೆಯವನು, ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನನಗೆ ಯಾಕಿಲ್ಲ ಅಂತ ಕೇಳಿದಾಗ ಬಂದ ಉತ್ತರ ಒಂದೇ: "ನಿಮಗೆ ಪದವಿ ಇಲ್ಲವಲ್ಲ." ಅವತ್ತಿನಿಂದ ದೂರಶಿಕ್ಷಣದ ಬಗ್ಗೆ ಓದುತ್ತಲೇ ಇದ್ದೇನೆ.

ನನ್ನ ಪ್ರಶ್ನೆ ಎರಡು. ಒಂದು, ಯಾವ ವಿಷಯ ತೆಗೆದುಕೊಳ್ಳಲಿ? ಕೆಲಸಕ್ಕೆ ವಾಣಿಜ್ಯ ಸರಿ. ಮನಸ್ಸು ಮಾತ್ರ ಇತಿಹಾಸದ ಮೇಲಿದೆ, ಚಿಕ್ಕಂದಿನಿಂದಲೂ. ಎರಡು, ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ಸಂಜೆ ಏಳಕ್ಕೆ ಬರುತ್ತೇನೆ. ಅತ್ತೆಗೆ ಮಂಡಿನೋವು, ಮಗ ಹೈಸ್ಕೂಲು. ಓದಲು ಸಮಯ ಎಲ್ಲಿಂದ ತರಬೇಕು? ನಿಮ್ಮಲ್ಲಿ ಯಾರಾದರೂ ನಿಜವಾಗಿಯೂ ಮುಗಿಸಿದ್ದೀರಾ? ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ.

ಐದರ ಅಲಾರಂ

ಮುಗಿಸಿದ್ದೇನೆ ಮೇಡಂ. 45ಕ್ಕೆ ಸೇರಿ 51ಕ್ಕೆ ಪದವಿ ಪಡೆದೆ. ಅದರಲ್ಲಿ ಒಂದು ವರ್ಷ ಪೂರ್ತಿ ಏನೂ ಓದದೆ ಕಳೆದದ್ದೂ ಇದೆ. ಹಾಗಾಗಿ ಧೈರ್ಯವಾಗಿ ಸೇರಿ ಅಂತಲೇ ಹೇಳುತ್ತೇನೆ.

ನನ್ನ ಓದೆಲ್ಲ ಬೆಳಿಗ್ಗೆ ಐದರಿಂದ ಆರೂವರೆಯ ಒಳಗೆ. ರಾತ್ರಿ ಓದುತ್ತೇನೆ ಅಂತ ಮೊದಲ ಆರು ತಿಂಗಳು ಹಟ ಮಾಡಿದೆ. ಪುಸ್ತಕದ ಮೇಲೆ ತಲೆಯಿಟ್ಟು ಮಲಗಿದ್ದೇ ಜಾಸ್ತಿ. ದಣಿದ ತಲೆಗೆ ಒಂದು ಪುಟ ಹತ್ತಲು ನಲವತ್ತು ನಿಮಿಷ ಬೇಕು, ಅದೇ ಪುಟ ಬೆಳಿಗ್ಗೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಎಲ್ಲರಿಗೂ ಬೆಳಗೇ ಆಗಬೇಕು ಅಂತಿಲ್ಲ. ನಿಮ್ಮ ತಲೆ ಯಾವಾಗ ಚುರುಕು ಅಂತ ಎರಡು ವಾರ ಗಮನಿಸಿ ನೋಡಿ.

ಇನ್ನೊಂದು ಮಾತು. ಮೊದಲ ವರ್ಷ ಎಷ್ಟು ಕಮ್ಮಿ ವಿಷಯ ತೆಗೆದುಕೊಳ್ಳಲು ಬಿಡುತ್ತಾರೋ ಅಷ್ಟೇ ತೆಗೆದುಕೊಳ್ಳಿ. ಉತ್ಸಾಹದಲ್ಲಿ ಎಲ್ಲವನ್ನೂ ಒಟ್ಟಿಗೆ ಕಟ್ಟಿಕೊಂಡು ಮೂರನೇ ತಿಂಗಳಿಗೆ ಕೈಬಿಟ್ಟವರನ್ನು ನನ್ನ ಗುಂಪಿನಲ್ಲೇ ಬೇಕಾದಷ್ಟು ಕಂಡೆ.

ಲೆಕ್ಕದ ಪುಸ್ತಕ

ನೀವು ಲೆಕ್ಕದ ವಿಭಾಗದವರು, ಅದಕ್ಕೇ ಲೆಕ್ಕದಲ್ಲೇ ಹೇಳುತ್ತೇನೆ.

ಪದವಿ ಅಂದರೆ ಕ್ರೆಡಿಟ್‌ಗಳು. ಕ್ರೆಡಿಟ್ ಅಂದರೆ ಗಂಟೆಗಳು. ಬ್ರಿಟನ್ನಿನಲ್ಲಿ ಆನರ್ಸ್ ಪದವಿಗೆ 360 ಕ್ರೆಡಿಟ್, ಒಂದು ಕ್ರೆಡಿಟ್‌ಗೆ 10 ಗಂಟೆ ಓದು ಅಂತ ಲೆಕ್ಕ. ಅಂದರೆ 3600 ಗಂಟೆ. ಯುರೋಪಿನ ಹಲವು ದೇಶಗಳಲ್ಲಿ ಪದವಿಗೆ 180 ಕ್ರೆಡಿಟ್, ಒಂದಕ್ಕೆ 25ರಿಂದ 30 ಗಂಟೆ. ಭಾರತದ ಇಗ್ನೋದಲ್ಲಿ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ, ಒಂದು ಕ್ರೆಡಿಟ್‌ಗೆ 30 ಗಂಟೆ. ದೇಶಕ್ಕೊಂದು ಅಳತೆ, ಆದರೆ ಎಲ್ಲ ಕಡೆಯೂ ಮೊತ್ತ ಸಾವಿರಗಳಲ್ಲೇ ಬರುತ್ತದೆ.

ಈಗ 3600 ಹಿಡಿಯೋಣ. ವಾರಕ್ಕೆ 15 ಗಂಟೆ, ವರ್ಷಕ್ಕೆ 40 ವಾರ ಓದಿದರೆ 600 ಗಂಟೆ. ಆರು ವರ್ಷ ಬೇಕು. ವಾರಕ್ಕೆ 10 ಗಂಟೆ, 45 ವಾರ ಅಂದರೆ 450. ಎಂಟು ವರ್ಷ. ಮೂರೇ ವರ್ಷದಲ್ಲಿ ಮುಗಿಸಬೇಕು ಅಂದರೆ ವರ್ಷಕ್ಕೆ 1200 ಗಂಟೆ ಬೇಕು, ಅಂದರೆ ವಾರಕ್ಕೆ ಸುಮಾರು 30. ಕೆಲಸ, ಮನೆ ಎರಡೂ ಇರುವವರಿಗೆ ಅದು ಆಗದ ಮಾತು. ಆಗುತ್ತದೆ ಅಂತ ಆಸೆ ಹುಟ್ಟಿಸುವ ಜಾಹೀರಾತು ನೋಡಿದರೆ ನನಗೆ ಬೇಸರವಾಗುತ್ತದೆ.

ಸೇರುವ ಮೊದಲು ಇನ್ನೊಂದನ್ನು ಕೇಳಿಕೊಳ್ಳಿ: ಗರಿಷ್ಠ ಎಷ್ಟು ವರ್ಷದಲ್ಲಿ ಮುಗಿಸಬೇಕು? ಅದಕ್ಕೊಂದು ಮಿತಿ ಇರುವುದೇ ಹೆಚ್ಚು. ಮಿತಿ ಆರು ವರ್ಷವಿದ್ದು ನಿಮ್ಮ ಕೈಲಿ ವಾರಕ್ಕೆ ಎಂಟು ಗಂಟೆ ಮಾತ್ರ ಇದ್ದರೆ ಈಗಲೇ ಗೊತ್ತಾಗುವುದು ಒಳ್ಳೆಯದು, ಅಲ್ವಾ?

ನೀಲಿ ಶಾಯಿ

3600 ಅನ್ನುವ ಸಂಖ್ಯೆ ನೋಡಿ ಎದೆ ಧಸಕ್ಕೆಂದಿತು. ಆದರೆ ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ. ತುಂಬಾ ಥ್ಯಾಂಕ್ಸ್ ಸರ್.

ವಾರಕ್ಕೆ 168 ಗಂಟೆ ಅಂತ ಬರೆದುಕೊಂಡು ಒಂದೊಂದೇ ಕಳೆಯುತ್ತಾ ಬಂದೆ. ನಿದ್ದೆ, ಕೆಲಸ, ಬಸ್ಸು, ಅಡುಗೆ, ಬಟ್ಟೆ, ಅತ್ತೆಯ ವ್ಯಾಯಾಮ, ಮಗನ ಓದು. ಕೊನೆಗೆ ಉಳಿದದ್ದು ನಾಲ್ಕು ಗಂಟೆ. ಅದೂ ಚೂರು ಚೂರಾಗಿ. ರಾತ್ರಿ ಎಲ್ಲರೂ ಮಲಗಿದ ಮೇಲೆ ಸುಮ್ನೆ ಓದಿಕೊಂಡರೆ ಆಗುವುದಿಲ್ಲವಾ? ಯಾರಿಗೂ ತೊಂದರೆ ಕೊಡದೆ ಆಗುವಷ್ಟು ಆಗಲಿ ಅಂತ.

ಅರ್ಧಕ್ಕೆ ನಿಂತೆ

ನೀಲಿ ಶಾಯಿ ಅವರೇ, ನಿಮ್ಮ ಕೊನೆಯ ಸಾಲು ಓದಿ ಸುಮ್ಮನಿರಲು ಆಗಲಿಲ್ಲ. ಯಾರಿಗೂ ತೊಂದರೆ ಕೊಡಬಾರದು ಅಂತಲೇ ನಾನೂ ಶುರು ಮಾಡಿದ್ದು.

ನಾನು 38ಕ್ಕೆ ಸೇರಿದ್ದೆ. ಫೇಲಾದರೆ ನಾಚಿಕೆ ಅಂತ ಮನೆಯಲ್ಲಿ ಹೇಳಲಿಲ್ಲ. ಪುಸ್ತಕಗಳನ್ನು ಬಟ್ಟೆಯ ಕಪಾಟಿನಲ್ಲಿ ಇಡುತ್ತಿದ್ದೆ. ರಾತ್ರಿ ಹನ್ನೊಂದರ ಮೇಲೆ ಅಡುಗೆಮನೆಯ ಚಿಕ್ಕ ದೀಪದಲ್ಲಿ ಓದು. ಮೊದಲ ವರ್ಷ ಪಾಸಾದೆ, ಒಳ್ಳೆಯ ಅಂಕಗಳೇ ಬಂದವು. ಯಾರಿಗೂ ಹೇಳಿರಲಿಲ್ಲವಲ್ಲ, ಸಂತೋಷಪಡಲೂ ಯಾರೂ ಇರಲಿಲ್ಲ. ಮಾರ್ಕ್ಸ್ ಕಾರ್ಡನ್ನು ನಾನೊಬ್ಬಳೇ ಬಚ್ಚಲುಮನೆಯಲ್ಲಿ ನೋಡಿ ಮತ್ತೆ ಮಡಚಿಟ್ಟೆ.

ಎರಡನೇ ವರ್ಷ ಪರೀಕ್ಷೆಯ ವಾರದಲ್ಲೇ ಮನೆಗೆ ನೆಂಟರು ಬಂದರು. ನಾನು ಬೇಡ ಅನ್ನುವುದು ಹೇಗೆ? ಪರೀಕ್ಷೆ ಇದೆ ಅಂತ ಯಾರಿಗೂ ಗೊತ್ತೇ ಇಲ್ಲ. ಎರಡು ಪೇಪರ್ ಬರೆಯಲಿಲ್ಲ. ಮುಂದಿನ ಸಲ ಬರೆಯೋಣ ಅಂದುಕೊಂಡೆ. ಆ ಮುಂದಿನ ಸಲ ಬರಲೇ ಇಲ್ಲ.

ಮನೆಯವರು ಕೆಟ್ಟವರಲ್ಲ. ಎಷ್ಟೋ ವರ್ಷದ ಮೇಲೆ ಗಂಡನಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ಒಂದು ಮಾತು ಹೇಳಿದ್ದರೆ ಅವರನ್ನು ಮುಂದಿನ ವಾರ ಬನ್ನಿ ಅನ್ನುತ್ತಿದ್ದೆನಲ್ಲ." ಅವತ್ತು ತುಂಬಾ ಅತ್ತೆ. ನನ್ನ ತಲೆ ಸೋಲಲಿಲ್ಲ, ಓದು ಕಷ್ಟವಾಗಲಿಲ್ಲ. ಗುಟ್ಟಾಗಿಟ್ಟ ಓದಿಗೆ ಯಾರೂ ಜಾಗ ಮಾಡಿಕೊಡಲು ಆಗುವುದಿಲ್ಲ, ಅಷ್ಟೇ.

ದಯವಿಟ್ಟು ಹೇಳಿ. ಇವತ್ತೇ ಹೇಳಿ.

ನೇರ ಮಾತು

ಬೇರೆ ಕಡೆಯಿಂದಲೂ ಒಂದು ಮಾತು. ಕೋಪ ಮಾಡಿಕೊಳ್ಳಬೇಡಿ. ಎಂಟು ವರ್ಷ ಕೊಟ್ಟು ಪಡೆಯುವ ಪದವಿ ನಿಮಗೆ 52ಕ್ಕೆ ಸಿಗುತ್ತದೆ. ಆಗ ಬಡ್ತಿ ಸಿಗುತ್ತದೆ ಅಂತ ಏನು ಖಾತ್ರಿ? ಆರು ತಿಂಗಳ ಸರ್ಟಿಫಿಕೇಟ್ ಕೋರ್ಸು ಮಾಡಿದರೆ ಕೆಲಸಕ್ಕೆ ಬೇಗ ಉಪಯೋಗವಾಗಬಹುದು. ಜೊತೆಗೆ, ಮನೆಯಲ್ಲಿ ಕೂತು ತೆಗೆದುಕೊಳ್ಳುವ ಪದವಿ ಅಂದರೆ ಕೆಲವು ಕಡೆ ಮೂಗು ಮುರಿಯುತ್ತಾರೆ. ನನ್ನ ತಮ್ಮನಿಗೆ ಒಂದು ಸಂದರ್ಶನದಲ್ಲಿ ಹಾಗೇ ಆಯಿತು. "ಓ, ರೆಗ್ಯುಲರ್ ಅಲ್ಲವಾ" ಅಂದು ಫೈಲು ಮುಚ್ಚಿದರು. ಅವನಿಗೆ ಆ ನೋವು ಇನ್ನೂ ಹೋಗಿಲ್ಲ. ಸೇರಬೇಡಿ ಅಂತ ನಾನು ಹೇಳುತ್ತಿಲ್ಲ. ತಿಳಿದುಕೊಂಡು ಸೇರಿ.

ಹಳೇ ಅಂಚೆ

ನಿಮ್ಮ ತಮ್ಮನಿಗೆ ಆದದ್ದು ಅನ್ಯಾಯ. ಆದರೆ ಮನೆಯಲ್ಲಿ ಕೂತು ಪಡೆದ ಪದವಿ ಕೀಳು ಅನ್ನುವವರಿಗೆ ಈ ಓದಿನ ಚರಿತ್ರೆ ಗೊತ್ತಿಲ್ಲ.

1840ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಪೆನ್ನಿ ಕಾಸಿಗೆ ಕಾಗದ ಕಳಿಸುವ ಅಂಚೆ ಬಂತು. ಅದೇ ವರ್ಷ ಐಸಾಕ್ ಪಿಟ್ಮನ್ ಶೀಘ್ರಲಿಪಿಯನ್ನು ಅಂಚೆಯ ಮೂಲಕ ಕಲಿಸಲು ಶುರು ಮಾಡಿದರು. ಕಲಿಯುವವರು ಬರೆದು ಕಳಿಸಬೇಕು, ಅವರು ತಿದ್ದಿ ವಾಪಸು ಕಳಿಸಬೇಕು. ಬರೆಯುವುದು, ತಿದ್ದಿಸಿಕೊಳ್ಳುವುದು, ಮತ್ತೆ ಬರೆಯುವುದು. ನಮ್ಮ ಇವತ್ತಿನ ಅಸೈನ್‌ಮೆಂಟ್ ಇದೇ ತಾನೆ? 1858ರಲ್ಲಿ ಲಂಡನ್ ವಿಶ್ವವಿದ್ಯಾಲಯ ಒಂದು ದೊಡ್ಡ ಹೆಜ್ಜೆ ಇಟ್ಟಿತು. ಕಾಲೇಜಿಗೆ ಹೋಗದವರೂ ಅದರ ಪರೀಕ್ಷೆ ಬರೆದು ಪದವಿ ಪಡೆಯಬಹುದು ಅಂತ ಬಾಗಿಲು ತೆರೆಯಿತು. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 1969ರಲ್ಲಿ ಹುಟ್ಟಿತು, 1971ರಲ್ಲಿ ಪಾಠ ಶುರು ಮಾಡಿತು. ಹಿಂದಿನ ಅಂಕಪಟ್ಟಿ ಕೇಳದೆ ಸೇರಿಸಿಕೊಂಡರು. ಅವರ ಪಾಠಗಳು 2006ರವರೆಗೂ ಬಿಬಿಸಿ ಟಿವಿಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತಿದ್ದವು. ಇಂಥದ್ದೇ ವಿಶ್ವವಿದ್ಯಾಲಯ ಸ್ಪೇನಿನಲ್ಲಿ 1972ರಲ್ಲಿ, ಜರ್ಮನಿಯ ಹಾಗನ್‌ನಲ್ಲಿ 1974ರಲ್ಲಿ ಹುಟ್ಟಿತು, ಭಾರತದಲ್ಲಿ ಇಗ್ನೋ 1985ರಲ್ಲಿ.

ನೆಲ್ಸನ್ ಮಂಡೇಲಾ ಕಾನೂನು ಪದವಿಗೆ ಮೊದಲು ಸೇರಿದ್ದು 1943ರಲ್ಲಿ. ಮುಗಿಸಿದ್ದು 1989ರಲ್ಲಿ, ಸೆರೆಯಲ್ಲಿದ್ದಾಗಲೇ, ಅಂಚೆ ಮೂಲಕ ಕಲಿಸುತ್ತಿದ್ದ ದಕ್ಷಿಣ ಆಫ್ರಿಕಾದ ಯೂನಿಸಾ ವಿಶ್ವವಿದ್ಯಾಲಯದಿಂದ. ನಡುವೆ 46 ವರ್ಷ. ಜಪಾನಿನ ಶಿಗೆಮಿ ಹಿರಾತಾ 2016ರಲ್ಲಿ 96ನೇ ವಯಸ್ಸಿನಲ್ಲಿ ಪಿಂಗಾಣಿ ಕಲೆಯಲ್ಲಿ ಪದವಿ ಪಡೆದರು. ಅವರಿಗೆ ಹಿಡಿದದ್ದು 11 ವರ್ಷ. ನೀಲಿ ಶಾಯಿ ಅಕ್ಕಾ, ನಿಮ್ಮ ಎಂಟು ವರ್ಷ ಜಾಸ್ತಿಯೇನಲ್ಲ.

ನೇರ ಮಾತು

ಇದನ್ನು ತಮ್ಮನಿಗೆ ಓದಿ ಹೇಳುತ್ತೇನೆ. ನಿಜವಾಗಿಯೂ ಥ್ಯಾಂಕ್ಸ್.

ಐದರ ಅಲಾರಂ

ನೇರ ಮಾತು ಅವರು ಹೇಳಿದ "ತಿಳಿದುಕೊಂಡು ಸೇರಿ" ಅನ್ನುವುದು ತುಂಬಾ ಮುಖ್ಯ. ಅದರ ಬಗ್ಗೆ ಸ್ವಲ್ಪ.

ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇದ್ದರೆ ಸಾಲದು. ನೀವು ಸೇರುವ ಕೋರ್ಸಿಗೆ, ನೀವು ಸೇರುವ ವರ್ಷಕ್ಕೆ, ದೂರಶಿಕ್ಷಣದಲ್ಲಿ ಕೊಡಲು ಅನುಮತಿ ಇದೆಯಾ ನೋಡಿ. ಮಧ್ಯದವರ ಮಾತು ನಂಬಬೇಡಿ, ನಿಮ್ಮ ದೇಶದ ಶಿಕ್ಷಣ ನಿಯಂತ್ರಕರ ಪಟ್ಟಿಯಲ್ಲೇ ಹುಡುಕಿ. ಇದನ್ನು ನೋಡದೆ ಶುಲ್ಕ ಕಟ್ಟಿ ವರ್ಷಗಟ್ಟಲೆ ಓದಿದ ಮೇಲೆ ಕಾಗದಕ್ಕೆ ಬೆಲೆ ಇಲ್ಲ ಅಂತ ಗೊತ್ತಾದ ಗೆಳೆಯ ನನಗಿದ್ದಾನೆ. ಅವನ ಮುಖ ನೋಡಲು ಆಗುತ್ತಿರಲಿಲ್ಲ.

ಶುಲ್ಕವನ್ನು ವಿಷಯವಾರು ಅಥವಾ ವರ್ಷವಾರು ಕಟ್ಟುವ ಹಾಗಿದ್ದರೆ ಹಾಗೇ ಕಟ್ಟಿ. ಅರ್ಧ ಮಾಡಿದ್ದ ಆ ಹಳೆಯ ಮೊದಲ ವರ್ಷ ಇದೆಯಲ್ಲ, ಅದರಲ್ಲಿ ಪಾಸಾದ ವಿಷಯ ಏನಾದರೂ ಇದ್ದರೆ ಹೊಸ ಕಡೆ ಲೆಕ್ಕಕ್ಕೆ ಹಿಡಿಯುತ್ತಾರಾ ಅಂತ ಕೇಳಿ. ಕೇಳುವುದರಿಂದ ಏನೂ ಹೋಗುವುದಿಲ್ಲ. ಪರೀಕ್ಷಾ ಕೇಂದ್ರ ಎಲ್ಲಿ, ಪರೀಕ್ಷೆ ವರ್ಷಕ್ಕೆ ಎಷ್ಟು ಸಲ, ಒಂದು ತಪ್ಪಿದರೆ ಮುಂದಿನದು ಯಾವಾಗ ಅನ್ನುವುದನ್ನೂ ಮೊದಲೇ ಕೇಳಿಟ್ಟುಕೊಳ್ಳಿ.

ತಿದ್ದುವ ಕೈ

ನಾನು ಹಲವು ವರ್ಷಗಳಿಂದ ದೂರಶಿಕ್ಷಣದ ವಿದ್ಯಾರ್ಥಿಗಳ ಅಸೈನ್‌ಮೆಂಟ್ ತಿದ್ದುತ್ತೇನೆ, ವಿದ್ಯಾರ್ಥಿಗಳು ಎದುರಿಗೆ ಬಂದು ಕೂರುವ ಸಂಪರ್ಕ ತರಗತಿಗಳಲ್ಲೂ ಪಾಠ ಮಾಡುತ್ತೇನೆ. ಮೇಜಿನ ಈ ಕಡೆಯಿಂದ ಕಂಡದ್ದನ್ನು ಹೇಳುತ್ತೇನೆ.

ವಯಸ್ಸಾದವರು ಬರೆದ ಉತ್ತರ ಎರಡೇ ಪ್ಯಾರಾದಲ್ಲಿ ಗೊತ್ತಾಗುತ್ತದೆ. ಅದರಲ್ಲಿ ಬದುಕು ಇರುತ್ತದೆ. ಕೂಲಿಯ ಬಗ್ಗೆ ಬರೆಯಿರಿ ಅಂದರೆ ಇಪ್ಪತ್ತರ ಹುಡುಗ ಪುಸ್ತಕದ ಸಾಲು ಬರೆಯುತ್ತಾನೆ, ನಲವತ್ತೈದರ ಹೆಂಗಸು ತಾನು ಕಂಡದ್ದನ್ನು ಬರೆಯುತ್ತಾಳೆ. ಅದು ದೊಡ್ಡ ಆಸ್ತಿ. ಆದರೆ ಅಂಕ ಹೋಗುವುದೂ ಅಲ್ಲೇ. ಅನುಭವ ಬರೆಯುವ ಭರದಲ್ಲಿ ಪ್ರಶ್ನೆ ಕೇಳಿದ್ದೇನು ಅನ್ನುವುದು ಮರೆತುಹೋಗುತ್ತದೆ. "ವಿವರಿಸಿ" ಅಂದರೆ ಬೇರೆ, "ಹೋಲಿಸಿ" ಅಂದರೆ ಬೇರೆ, "ವಿಮರ್ಶಿಸಿ" ಅಂದರೆ ಇನ್ನೂ ಬೇರೆ. ಆ ಒಂದು ಪದದ ಕೆಳಗೆ ಗೆರೆ ಎಳೆದು, ಆಮೇಲೆ ಪೆನ್ನು ಹಿಡಿಯಿರಿ. ಮೊದಲು ಪಾಠದ ಮಾತು, ಅದಕ್ಕೆ ಆಧಾರವಾಗಿ ನಿಮ್ಮ ಅನುಭವ. ಈ ಕ್ರಮ ಹಿಡಿದರೆ ಸಾಕು.

ಎರಡನೆಯದು, ನಮಗೆ ಪ್ರಶ್ನೆ ಕೇಳಿ. ಮೈಕೆಲ್ ಮೂರ್ ಅನ್ನುವ ವಿದ್ವಾಂಸರು ದೂರಶಿಕ್ಷಣದ ಬಗ್ಗೆ ಹೇಳಿದ್ದು ನನಗೆ ಯಾವಾಗಲೂ ನೆನಪಾಗುತ್ತದೆ. ದೂರ ಅಂದರೆ ಮೈಲಿಗಳ ದೂರ ಮಾತ್ರ ಅಲ್ಲ, ಕಲಿಸುವವನಿಗೂ ಕಲಿಯುವವನಿಗೂ ನಡುವೆ ಮಾತು ನಿಂತಾಗ ಹುಟ್ಟುವ ದೂರ. ಅದು ಒಂದೇ ಕೋಣೆಯಲ್ಲೂ ಇರಬಹುದು. ನನಗೆ ಪ್ರಶ್ನೆ ಕಳಿಸುವವರು ಬೆರಳೆಣಿಕೆಯಷ್ಟು ಜನ. ಉಳಿದವರು ಏನಂದುಕೊಳ್ಳುತ್ತಾರೋ ಅಂತ ಹಿಂಜರಿಯುತ್ತಾರೆ. ಏನೂ ಅಂದುಕೊಳ್ಳುವುದಿಲ್ಲ. ಒಂದು ಪ್ರಶ್ನೆ ಬಂದರೆ ಆ ದಿನ ನನಗೆ ಖುಷಿ.

ಮತ್ತೆ, ತಡವಾಗುತ್ತದೆ ಅನಿಸಿದರೆ ಕೊನೆಯ ದಿನಾಂಕದ ಮೊದಲೇ ಹೇಳಿ. ಎರಡು ದಿನ ಮುಂಚೆ ಬಂದ ಪತ್ರಕ್ಕೆ ದಾರಿ ಹುಡುಕಬಹುದು, ಎರಡು ವಾರ ಆದಮೇಲೆ ಬಂದ ಪತ್ರಕ್ಕೆ ನಾವು ಮಾಡುವುದು ತುಂಬಾ ಕಮ್ಮಿ.

ರಾತ್ರಿಪಾಳಿ

ಆಸ್ಪತ್ರೆಯಲ್ಲಿ ನರ್ಸ್ ನಾನು. ಡಿಪ್ಲೊಮಾ ಇತ್ತು, ಈಗ ಸಮಾಜಶಾಸ್ತ್ರದಲ್ಲಿ ಪದವಿ ಮಾಡುತ್ತಿದ್ದೇನೆ, ಮೂರನೇ ವರ್ಷ. ಐದರ ಅಲಾರಂ ಅವರ ಹಾಗೆ ಒಂದೂವರೆ ಗಂಟೆ ಒಟ್ಟಿಗೆ ನನಗೆ ಯಾವತ್ತೂ ಸಿಗುವುದಿಲ್ಲ. ಚೂರು ಚೂರು ಸಮಯದಲ್ಲಿ ಓದುವುದು ಹೇಗೆ ಅಂತ ಹೇಳುತ್ತೇನೆ, ಯಾಕೆಂದರೆ ನೀಲಿ ಶಾಯಿ ಅಕ್ಕನ ನಾಲ್ಕು ಗಂಟೆಯೂ ಚೂರೇ.

ಮೊದಮೊದಲು ಒಂದು ಪಾಠವನ್ನು ನಾಲ್ಕು ಸಲ ಓದುತ್ತಿದ್ದೆ. ಎಲ್ಲಾ ಬಂತು ಅನಿಸುತ್ತಿತ್ತು. ಪರೀಕ್ಷೆಯಲ್ಲಿ ಖಾಲಿ. ಆಮೇಲೆ ಒಂದು ಪ್ರಯೋಗದ ಬಗ್ಗೆ ಓದಿದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು ಮಾಡಿದ್ದು. ಕೆಲವರು ಒಂದು ಪಾಠವನ್ನು ಮತ್ತೆ ಮತ್ತೆ ಓದಿದರು, ಇನ್ನು ಕೆಲವರು ಓದಿ, ಪುಸ್ತಕ ಮುಚ್ಚಿ, ನೆನಪಿದ್ದದ್ದನ್ನು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದಾಗ ಮುಚ್ಚಿಟ್ಟು ಬರೆದವರು ಮುಂದೆ. ನಮ್ಮ ಪರೀಕ್ಷೆ ಐದು ನಿಮಿಷ ಬಿಟ್ಟು ಬರುವುದಿಲ್ಲವಲ್ಲ!

ಅವತ್ತಿನಿಂದ ನನ್ನ ಕ್ರಮ ಬದಲಾಯಿತು. ರಜೆಯ ದಿನ ಒಂದು ಪಾಠವನ್ನು ಕೂತು ಒಂದೇ ಸಲ ಓದುತ್ತೇನೆ, ಐದಾರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ. ಉತ್ತರ ಬರೆಯುವುದಿಲ್ಲ. ಪಾಳಿಯಲ್ಲಿ ಹತ್ತು ನಿಮಿಷ ಬಿಡುವು ಸಿಕ್ಕರೆ ಒಂದು ಚೀಟಿ ತೆಗೆದು ಮನಸ್ಸಿನಲ್ಲೇ ಉತ್ತರ ಹೇಳಿಕೊಳ್ಳುತ್ತೇನೆ. ಬಾರದ್ದನ್ನು ಮಾತ್ರ ಮನೆಗೆ ಬಂದು ನೋಡುತ್ತೇನೆ. ಎರಡು ದಿನ, ಒಂದು ವಾರ, ಒಂದು ತಿಂಗಳು ಬಿಟ್ಟು ಅದೇ ಚೀಟಿ ಮತ್ತೆ. ಹೀಗೆ ಬಿಟ್ಟು ಬಿಟ್ಟು ಓದಿದರೆ ನೆನಪು ಉಳಿಯುತ್ತದೆ ಅಂತ ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದರಂತೆ.

ವಯಸ್ಸಾಯಿತು, ತಲೆಗೆ ಹತ್ತುತ್ತಾ ಅನ್ನುವ ಭಯ ನಿಮಗಿದ್ದರೆ: ವೇಗ ಸ್ವಲ್ಪ ಕಮ್ಮಿಯಾಗುವುದು ನಿಜ. ಆದರೆ ಪದಗಳ ತಿಳಿವಳಿಕೆ ಐವತ್ತು ದಾಟಿದ ಮೇಲೂ ಬೆಳೆಯುತ್ತದೆ. ಹೊಸದನ್ನು ಹಳೆಯದಕ್ಕೆ ಕಟ್ಟುವ ಗೂಟಗಳು ನಮ್ಮ ಹತ್ತಿರ ಜಾಸ್ತಿ ಇವೆ.

ಲೆಕ್ಕದ ಪುಸ್ತಕ

ಚೀಟಿಯ ಉಪಾಯ ಚೆನ್ನಾಗಿದೆ. ಆದರೂ ಒಂದು ತಿದ್ದುಪಡಿ: ಚೂರು ಸಮಯ ನೆನಪು ಗಟ್ಟಿ ಮಾಡಲು ಸರಿ, ಅಸೈನ್‌ಮೆಂಟ್ ಬರೆಯಲು ಸಾಲದು. ಅದಕ್ಕೆ ವಾರದಲ್ಲಿ ಒಮ್ಮೆಯಾದರೂ ಮೂರು ಗಂಟೆ ಒಟ್ಟಿಗೆ ಬೇಕೇ ಬೇಕು. ಆ ಮೂರು ಗಂಟೆಯನ್ನು ಮನೆಯವರ ಹತ್ತಿರ ಕೇಳಿಯೇ ತೆಗೆದುಕೊಳ್ಳಬೇಕು. ಬೇರೆ ದಾರಿ ಇಲ್ಲ.

ರಾತ್ರಿಪಾಳಿ

ಒಪ್ಪಿದೆ ಸರ್. ನನಗೂ ಭಾನುವಾರ ಮಧ್ಯಾಹ್ನ ಅಣ್ಣ ಮಕ್ಕಳನ್ನು ಕರೆದುಕೊಂಡು ಹೋಗುತ್ತಾನೆ. ಅವನಿಲ್ಲದಿದ್ದರೆ ಒಂದೂ ಅಸೈನ್‌ಮೆಂಟ್ ಆಗುತ್ತಿರಲಿಲ್ಲ.

ಕಿಟಕಿ ಪಕ್ಕದ ಹುಡುಗಿ

ನಾನು ಓದುತ್ತಿರುವವಳಲ್ಲ. ನಮ್ಮಮ್ಮ ಓದಿದರು. ಅವರು ಪದವಿಗೆ ಸೇರಿದಾಗ ನನಗೆ ಹನ್ನೊಂದು, ಮುಗಿಸಿದಾಗ ಹದಿನೆಂಟು. ಮಗಳ ಕಡೆಯಿಂದ ಹೇಳುವುದು ಇದೆ ಅನಿಸಿ ಬರೆಯುತ್ತಿದ್ದೇನೆ.

ಮೊದಲ ವರ್ಷ ನನಗೆ ಅಮ್ಮನ ಪುಸ್ತಕ ಕಂಡರೆ ಆಗುತ್ತಿರಲಿಲ್ಲ. ನನ್ನ ಶಾಲೆಯ ವಾರ್ಷಿಕೋತ್ಸವದ ದಿನ ಅವರಿಗೆ ಪರೀಕ್ಷೆ ಇತ್ತು. ಅವರು ಬರಲಿಲ್ಲ. ಎರಡು ದಿನ ಮಾತು ಬಿಟ್ಟೆ. ಮೂರನೇ ದಿನ ಅಮ್ಮ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕ್ಯಾಲೆಂಡರ್ ತೆಗೆದರು. ಪರೀಕ್ಷೆಯ ದಿನಗಳಿಗೆ ಕೆಂಪು ಗುರುತು ಹಾಕಿದರು. "ಉಳಿದ ದಿನಗಳಲ್ಲಿ ನಿನಗೆ ನಾನು ಯಾವತ್ತು ಬೇಕೇ ಬೇಕು, ಅದಕ್ಕೆ ನೀನು ಹಸಿರು ಹಾಕು" ಅಂದರು. ನಾನು ಹಾಕಿದ ಹಸಿರಿನ ದಿನ ಅವರು ಒಂದು ಸಲವೂ ತಪ್ಪಿಸಲಿಲ್ಲ.

ಆಮೇಲೆ ನಾನೇ ಅವರ ಪಾಠ ಕೇಳುತ್ತಿದ್ದೆ. ಪುಸ್ತಕ ನನ್ನ ಕೈಯಲ್ಲಿ, ಉತ್ತರ ಹೇಳುವುದು ಅಮ್ಮ. ತಪ್ಪು ಹೇಳಿದರೆ ನನಗೆ ಎಷ್ಟು ಖುಷಿಯಾಗುತ್ತಿತ್ತು ಗೊತ್ತಾ? ದೊಡ್ಡವರೂ ತಪ್ಪು ಮಾಡುತ್ತಾರೆ, ಮತ್ತೆ ಕೂತು ಕಲಿಯುತ್ತಾರೆ ಅಂತ ಕಣ್ಣಾರೆ ನೋಡಿದೆ. ನನಗೆ ಗಣಿತ ಕೈಕೊಟ್ಟಾಗ ನಾನು ಹೆದರಲಿಲ್ಲ, ಅಮ್ಮನ ಹಾಗೆ ಮತ್ತೆ ಬರೆದೆ.

ನೀಲಿ ಶಾಯಿ ಆಂಟಿ, ನಿಮ್ಮ ಮಗ ಹೈಸ್ಕೂಲು ಅಂದಿರಿ. ಅವನಿಂದ ಸಮಯ ಕದಿಯುತ್ತಿದ್ದೇನೆ ಅಂದುಕೊಳ್ಳಬೇಡಿ. ಅವನನ್ನೇ ಕೇಳಿ. ಕೇಳದೆ ತೆಗೆದುಕೊಂಡಾಗ ಮಾತ್ರ ನಮಗೆ ನೋವಾಗುವುದು.

ಅರ್ಧಕ್ಕೆ ನಿಂತೆ

ಪುಟ್ಟಾ, ನಿನ್ನ ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ನೀಲಿ ಶಾಯಿ

ಮೂರು ದಿನ ಇಲ್ಲಿಗೆ ಬರಲಿಲ್ಲ. ಧೈರ್ಯ ಕೂಡಿಸಿಕೊಳ್ಳುತ್ತಿದ್ದೆ. ನಿನ್ನೆ ರಾತ್ರಿ ಊಟವಾದ ಮೇಲೆ ಎಲ್ಲರೂ ಇದ್ದಾಗ ಹೇಳಿದೆ. 168 ಗಂಟೆಯ ಹಾಳೆಯನ್ನೇ ಮುಂದಿಟ್ಟೆ.

ಮೊದಲು ಯಾರೂ ಮಾತಾಡಲಿಲ್ಲ. ನನ್ನವರು ಹಾಳೆಯನ್ನು ತುಂಬಾ ಹೊತ್ತು ನೋಡಿದರು. ಅಡುಗೆ, ಬಟ್ಟೆ, ತರಕಾರಿ, ಬಿಲ್ಲು, ಎಲ್ಲಾ ನನ್ನ ಹೆಸರಿನ ಕೆಳಗೇ ಇತ್ತು. "ಇಷ್ಟೆಲ್ಲಾ ನೀನೇ ಮಾಡುವುದಾ?" ಅಂದರು. ಬರೆದಿಟ್ಟಿದ್ದನ್ನು ನೋಡುವವರೆಗೆ ನನಗೂ ಗೊತ್ತಿರಲಿಲ್ಲ ಅಂದೆ. ಭಾನುವಾರ ಬೆಳಿಗ್ಗೆ ಪೂರ್ತಿ, ಬುಧವಾರ ರಾತ್ರಿಯ ಅಡುಗೆ, ಇವೆರಡು ತಮ್ಮದು ಅಂದರು. ಮಗ ಬಟ್ಟೆ ಮಡಚುವುದನ್ನು ಒಪ್ಪಿಕೊಂಡ. ಅವನಿಗೂ ಹಸಿರು ಪೆನ್ನು ಕೊಟ್ಟೆ, ನಾಲ್ಕು ದಿನ ಗುರುತು ಹಾಕಿದ್ದಾನೆ.

ಅತ್ತೆ ಏನೂ ಹೇಳಲಿಲ್ಲ. ಅದೇ ನನಗೆ ಭಯವಿತ್ತು. ಇವತ್ತು ಬೆಳಿಗ್ಗೆ ನಾನು ಹೊರಡುವಾಗ ಕರೆದು, "ನನ್ನನ್ನು ನಾಲ್ಕನೇ ಕ್ಲಾಸಿಗೆ ಬಿಡಿಸಿದರು" ಅಂದರು. ಅಷ್ಟೇ ಅಂದರು. ಬಸ್ಸಿನಲ್ಲಿ ಕೂತು ಅಳು ತಡೆಯಲು ಆಗಲಿಲ್ಲ.

ಲೆಕ್ಕ ಹಾಕಿದರೆ ಈಗ ವಾರಕ್ಕೆ ಹನ್ನೊಂದು ಗಂಟೆ. ವಿಷಯದ ಬಗ್ಗೆಯೂ ತೀರ್ಮಾನಿಸಿದೆ, ಇತಿಹಾಸ. ಕೆಲಸದಲ್ಲಿ ಕೇಳಿದೆ, ಬಡ್ತಿಗೆ ಯಾವ ಪದವಿಯಾದರೂ ನಡೆಯುತ್ತದಂತೆ. ಎಂಟು ವರ್ಷ ಬೆಳಿಗ್ಗೆ ಎದ್ದು ಓದಬೇಕು ಅಂದರೆ ಇಷ್ಟದ್ದೇ ಇರಲಿ ಅನಿಸಿತು.

ತಿದ್ದುವ ಕೈ

ಸರಿಯಾದ ಆಯ್ಕೆ. ಇಷ್ಟವಿಲ್ಲದ ವಿಷಯವನ್ನು ಎರಡು ವರ್ಷ ಎಳೆಯಬಹುದು, ಎಂಟು ವರ್ಷ ಆಗುವುದಿಲ್ಲ.

ನೀಲಿ ಶಾಯಿ (ಐದು ತಿಂಗಳ ನಂತರ)

ಎಲ್ಲರಿಗೂ ಮತ್ತೆ ನಮಸ್ಕಾರ. ಸೇರಿದೆ. ಮಾನ್ಯತೆ ಪಟ್ಟಿ ನೋಡಿಯೇ ಸೇರಿದೆ. ಎರಡೇ ವಿಷಯ ತೆಗೆದುಕೊಂಡಿದ್ದೇನೆ.

ಮೊದಲ ಅಸೈನ್‌ಮೆಂಟ್ ವಾಪಸು ಬಂತು. ನೂರಕ್ಕೆ 54. ಪಕ್ಕದಲ್ಲಿ ಬರೆದಿದ್ದರು: "ನಿಮ್ಮ ಮಾತು ಚೆನ್ನಾಗಿದೆ, ಪ್ರಶ್ನೆಗೆ ಉತ್ತರ ಎಲ್ಲಿ?" ತಿದ್ದುವ ಕೈ ಅವರು ಎಚ್ಚರಿಸಿದ್ದು ಇದನ್ನೇ. ಒಂದು ದಿನ ಬೇಜಾರಾಯಿತು, ಆಮೇಲೆ ಅಸೈನ್‌ಮೆಂಟ್ ತಿದ್ದಿದವರಿಗೇ ಬರೆದು ಕೇಳಿದೆ. ಅರ್ಧ ಪುಟ ಉತ್ತರ ಕಳಿಸಿದರು. ಎರಡನೆಯದಕ್ಕೆ 67.

ಈಗ ಹೊಸ ಚಿಂತೆ. ಮುಂದಿನ ತಿಂಗಳು ಪರೀಕ್ಷೆ, ಮೂರು ಗಂಟೆ ಕೈಯಲ್ಲೇ ಬರೆಯಬೇಕು. ಇಪ್ಪತ್ತು ವರ್ಷದಿಂದ ಕೀಬೋರ್ಡು ಬಿಟ್ಟರೆ ಸಹಿ ಮಾತ್ರ ಹಾಕಿದ್ದೇನೆ. ನಿನ್ನೆ ಬರೆಯಲು ಕೂತೆ, ಹನ್ನೆರಡೇ ನಿಮಿಷಕ್ಕೆ ಹೆಬ್ಬೆರಳ ಬುಡ ಹಿಡಿದುಕೊಂಡಿತು. ಅಕ್ಷರ ನನ್ನದೇ ಅಂತ ಗುರುತು ಹತ್ತಲಿಲ್ಲ. ಯಾರಿಗಾದರೂ ಹೀಗಾಗಿತ್ತಾ?

ಐದರ ಅಲಾರಂ

ನನಗೂ ಹಾಗೇ ಆಗಿತ್ತು ಮೇಡಂ, ಮೊದಲ ಪರೀಕ್ಷೆಯಲ್ಲಿ ಗೊತ್ತಿದ್ದ ಎರಡು ಉತ್ತರ ಕೈನೋವಿನಿಂದ ಬಿಟ್ಟು ಬಂದೆ. ಇನ್ನೂ ಒಂದು ತಿಂಗಳಿದೆಯಲ್ಲ, ಸಾಕು. ದಿನಕ್ಕೆ ಹತ್ತು ನಿಮಿಷದಿಂದ ಶುರು ಮಾಡಿ, ಎರಡು ದಿನಕ್ಕೊಮ್ಮೆ ಐದು ನಿಮಿಷ ಏರಿಸಿ. ಪೆನ್ನನ್ನು ಒತ್ತಿ ಹಿಡಿಯಬೇಡಿ. ಸರಾಗವಾಗಿ ಹರಿಯುವ ಪೆನ್ನು ತೆಗೆದುಕೊಳ್ಳಿ, ಪರೀಕ್ಷೆಗೂ ಅದೇ ಪೆನ್ನು. ನೋವು ಬಂದ ಕೂಡಲೇ ನಿಲ್ಲಿಸಿ, ಹಟ ಬೇಡ.

ರಾತ್ರಿಪಾಳಿ

ಅಕ್ಕಾ, ಹೆಬ್ಬೆರಳಲ್ಲಿ ನೋವು ಬರುತ್ತಿದ್ದರೆ ಪೆನ್ನು ಸ್ವಲ್ಪ ದಪ್ಪಗಿರಲಿ. ಬರೆಯುವಾಗ ಮೊಣಕೈ ಮೇಜಿನ ಮೇಲಿರಲಿ, ಬೆರಳಷ್ಟೇ ಅಲ್ಲದೆ ಇಡೀ ತೋಳು ಚಲಿಸಲಿ. ಜುಮ್ಮೆನ್ನುವುದು ಅಥವಾ ಮರಗಟ್ಟುವುದು ಇದ್ದರೆ ಡಾಕ್ಟರಿಗೆ ತೋರಿಸಿ, ತಡಮಾಡಬೇಡಿ. ಮತ್ತೆ, ಸುಮ್ನೆ ಏನೋ ಒಂದು ನಕಲು ಮಾಡಬೇಡಿ. ಆ ಚೀಟಿಯ ಪ್ರಶ್ನೆಗಳಿಗೇ ಪುಸ್ತಕ ಮುಚ್ಚಿಟ್ಟು ಉತ್ತರ ಬರೆಯಿರಿ, ಎರಡೂ ಕೆಲಸ ಒಟ್ಟಿಗೆ ಆಗುತ್ತದೆ.

ಲೆಕ್ಕದ ಪುಸ್ತಕ

ಗಡಿಯಾರ ಇಟ್ಟು ಬರೆಯಿರಿ. ಮೂರು ಗಂಟೆ ಅಂದರೆ 180 ನಿಮಿಷ. ಎಷ್ಟು ಅಂಕದ ಪ್ರಶ್ನೆಗೆ ಎಷ್ಟು ನಿಮಿಷ ಅಂತ ಮೊದಲೇ ಭಾಗ ಮಾಡಿಕೊಳ್ಳಿ, ಕೊನೆಗೆ ಹದಿನೈದು ನಿಮಿಷ ಓದಿ ನೋಡಲು ಉಳಿಯಲಿ.

ನೀಲಿ ಶಾಯಿ

ಮೂರು ವಾರವಾಯಿತು. ಇವತ್ತು ಐವತ್ತು ನಿಮಿಷ ನಿಲ್ಲಿಸದೆ ಬರೆದೆ. ಅಕ್ಷರ ಮೆಲ್ಲಗೆ ವಾಪಸು ಬರುತ್ತಿದೆ.

ಸಮಯ ನೋಡುವ ಕೆಲಸ ಅತ್ತೆಯದು. ಕಾಲು ಚಾಚಿಕೊಂಡು ಎದುರಿಗೆ ಕೂರುತ್ತಾರೆ, ಗಡಿಯಾರ ಮಡಿಲಲ್ಲಿ. ನಾನು ಬರೆದು ಮುಗಿಸಿದ ಮೇಲೆ ಹಾಳೆ ಇಸಿದುಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾರೆ. ಇವತ್ತು ಮೊದಲ ಪ್ಯಾರಾ ಪೂರ್ತಿ ಓದಿದರು. ಎರಡನೆಯದನ್ನು ನಾಳೆ ಓದುತ್ತಾರಂತೆ.